ಸಾಲ ಕೊಡ್ತೀವಿ, ಮೊದಲು ಫೀಸ್ ಕಟ್ಟಿ ಅಂತಾರೆ. ಕಟ್ಟಬಹುದಾ? ಮಂಡ್ಯ, ಮೈಸೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಸಾಲದ ಹೆಸರಿನಲ್ಲಿ ನಡೆಯುವ ಮೋಸದ ಬಗ್ಗೆ ಮಂಡ್ಯ, ಮದ್ದೂರು, ಪಾಂಡವಪುರ, ಮೈಸೂರು, ನಂಜನಗೂಡು ಕಡೆಯ ಜನ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ. ಈಗಾಗಲೇ ದುಡ್ಡು ಕಳಿಸಿಬಿಟ್ಟಿದ್ದರೆ ಮೇಲಿನಿಂದ ಓದುತ್ತಾ ಕೂರಬೇಡಿ. ಮೊದಲು ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಆಮೇಲೆ "ಈಗಾಗಲೇ ಕಟ್ಟಿಬಿಟ್ಟಿದ್ದೇನೆ" ಅನ್ನುವ ಪ್ರಶ್ನೆಗೆ ನೇರವಾಗಿ ಹೋಗಿ.

ಈ ಮೋಸ ನಡೆಯುವುದು ಹೇಗೆ?

ನಿಮಗೆ ಸಾಲ ಮಂಜೂರಾಗಿದೆ ಅಂತ ಹೇಳುತ್ತಾರೆ. ಹಣ ಖಾತೆಗೆ ಬೀಳಬೇಕಾದರೆ ಮೊದಲು ಒಂದು ಸಣ್ಣ ಮೊತ್ತ ಕಟ್ಟಬೇಕು ಅನ್ನುತ್ತಾರೆ. ಅದನ್ನು ಕಟ್ಟಿದ ಮೇಲೆ ಇನ್ನೊಂದು ಕೇಳುತ್ತಾರೆ. ಅದಾದ ಮೇಲೆ ಮತ್ತೊಂದು. ಸಾಲ ಮಾತ್ರ ಬರುವುದಿಲ್ಲ. ಕೊಡಲು ಅವರ ಹತ್ತಿರ ಸಾಲವೇ ಇರುವುದಿಲ್ಲ.

ಲೆಕ್ಕ ಹೇಗೆ ಬೆಳೆಯುತ್ತದೆ ನೋಡಿ. 3 ಲಕ್ಷ ಸಾಲ ಅಂದುಕೊಳ್ಳೋಣ. ಮೊದಲು ಫೈಲ್ ಚಾರ್ಜ್ ಅಂತ 1,850 ರೂಪಾಯಿ. ಇಷ್ಟೇ ತಾನೇ ಅಂತ ಕಟ್ಟುತ್ತೀರಿ. ಸಂಜೆಗೆ ಫೋನ್ ಬರುತ್ತದೆ, ಜಿಎಸ್‌ಟಿ 5,400 ಬಾಕಿ ಇದೆ ಅಂತ. ಮಾರನೇ ದಿನ ಇನ್ಶೂರೆನ್ಸ್ 9,000. ಇದು ಸಾಲದ ಜೊತೆ ವಾಪಸ್ ಬರುತ್ತೆ ಅಂತ ಸಮಾಧಾನ ಬೇರೆ. ಆಮೇಲೆ, "ನೀವು ಕೊಟ್ಟ ಖಾತೆ ನಂಬರಿನಲ್ಲಿ ಒಂದು ಅಂಕಿ ತಪ್ಪಾಗಿದೆ, ಹಣ ಹೋಲ್ಡ್ ಆಗಿದೆ, ಬಿಡಿಸೋಕೆ 15,000 ಕಟ್ಟಿ." ಅಲ್ಲಿಗೆ 31,250 ಹೋಯಿತು. ಇನ್ನೂ ಆರ್‌ಬಿಐ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಬಾಕಿ ಅಂತಾರೆ.

ಇದನ್ನು ಹೊರಗಿನಿಂದ ನೋಡಿದವರು "ಅಷ್ಟೂ ಗೊತ್ತಾಗಲಿಲ್ವಾ?" ಅಂತ ಸುಲಭವಾಗಿ ಕೇಳಿಬಿಡುತ್ತಾರೆ. ದಯವಿಟ್ಟು ಹಾಗೆ ಕೇಳಬೇಡಿ. ಕಬ್ಬು ಕಾರ್ಖಾನೆಗೆ ಹೋಗಿದೆ, ಬಿಲ್ ಬಂದಿಲ್ಲ. ಮಗಳ ಕಾಲೇಜಿನ ಫೀಸಿಗೆ ಸೋಮವಾರ ಕೊನೆ ದಿನ. ಅಂಥ ಹೊತ್ತಿನಲ್ಲಿ 1,850 ಕಟ್ಟಿರುತ್ತಾರೆ. ಎರಡನೇ ಸಲ ಕಟ್ಟುವಾಗ ಆಸೆಗಿಂತ ಜಾಸ್ತಿ ಕೆಲಸ ಮಾಡುವುದು ಮೊದಲು ಕಟ್ಟಿದ್ದು ಹೋಗುತ್ತಲ್ಲ ಅನ್ನುವ ಸಂಕಟ. ಮೋಸಗಾರರಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಮೊದಲ ಮೊತ್ತವನ್ನು ಸಣ್ಣದಾಗಿ ಇಡುತ್ತಾರೆ.

ನನಗೆ ಸಾಲ ಬೇಕು ಅಂತ ಅವರಿಗೆ ಹೇಗೆ ಗೊತ್ತಾಯಿತು?

ಫೇಸ್‌ಬುಕ್ಕಿನಲ್ಲೋ ಇನ್‌ಸ್ಟಾಗ್ರಾಮಿನಲ್ಲೋ "5 ನಿಮಿಷದಲ್ಲಿ ಸಾಲ" ಅನ್ನುವ ಜಾಹೀರಾತು ಒತ್ತಿ ಹೆಸರು, ನಂಬರು ತುಂಬಿರುತ್ತೀರಿ. ಇಲ್ಲವೇ ಯಾವುದೋ ಆ್ಯಪ್ ಹಾಕಿಕೊಂಡಿರುತ್ತೀರಿ. ಆ ಪಟ್ಟಿಗಳು ಕೈಯಿಂದ ಕೈಗೆ ಮಾರಾಟವಾಗುತ್ತವೆ. ಏನೂ ತುಂಬದವರಿಗೂ ಫೋನ್ ಬರುತ್ತದೆ. ನೂರು ಜನಕ್ಕೆ ಮಾಡಿದರೆ ಯಾರೋ ಒಬ್ಬರಿಗೆ ಸಾಲ ಬೇಕಾಗಿಯೇ ಇರುತ್ತದೆ ಅಲ್ವಾ.

ಫೋನಿನಲ್ಲಿ ಏನು ಮಾತಾಡುತ್ತಾರೆ?

ಹೆಚ್ಚುಕಮ್ಮಿ ಹೀಗೆ:

"ನಮಸ್ಕಾರ ಸಾರ್, ಹೆಡ್ ಆಫೀಸಿಂದ ಮಾತಾಡ್ತಿರೋದು. ನಿಮ್ಮ ಮೂರು ಲಕ್ಷದ ಲೋನ್ ಅಪ್ರೂವ್ ಆಗಿದೆ. ನಾಲ್ಕು ಗಂಟೆ ಒಳಗೆ ಫೈಲ್ ಚಾರ್ಜ್ ಕಟ್ಟಿದ್ರೆ ಸಂಜೆನೇ ಅಮೌಂಟ್ ಬೀಳುತ್ತೆ."

"ಮಂಡ್ಯದ ಬ್ರಾಂಚಿಗೆ ಬಂದು ಕಟ್ಲಾ ಸಾರ್?"

"ಬ್ರಾಂಚಲ್ಲಿ ಆಗಲ್ಲ ಸಾರ್, ಇದು ಆನ್‌ಲೈನ್ ಸ್ಕೀಮು. ಬ್ರಾಂಚಲ್ಲಿ ಕೇಳಿದ್ರೆ ಫೈಲ್ ಕ್ಯಾನ್ಸಲ್ ಆಗ್ಬಿಡುತ್ತೆ."

"ಅಂಗಾರೆ ಆ ಚಾರ್ಜನ್ನ ಸಾಲದಲ್ಲೇ ಮುರ್ಕೊಳಿ. ಮಿಕ್ಕಿದ್ದು ಹಾಕಿ."

"ಹಂಗೆ ಬರಲ್ಲ ಸಾರ್. ಆರ್‌ಬಿಐ ರೂಲ್ಸ್ ಇದೆ."

ಈ ಮಾತುಕತೆಯಲ್ಲಿ "ಸಾಲದಲ್ಲೇ ಮುರ್ಕೊಳಿ" ಅನ್ನುವುದೇ ಮುಖ್ಯ. ಪರ್ಸನಲ್ ಲೋನಿಗೆ ನಿಜವಾದ ಬ್ಯಾಂಕು ಅಥವಾ ಫೈನಾನ್ಸ್ ಕಂಪನಿ ಸಾಮಾನ್ಯವಾಗಿ ಮಾಡುವುದು ಅದನ್ನೇ. ಪ್ರೊಸೆಸಿಂಗ್ ಫೀಸು, ಅದರ ಮೇಲಿನ ಜಿಎಸ್‌ಟಿ ಎರಡನ್ನೂ ಮುರಿದುಕೊಂಡು ಉಳಿದದ್ದನ್ನು ಖಾತೆಗೆ ಹಾಕುತ್ತಾರೆ. 3 ಲಕ್ಷ ಕೊಡಲು ಒಪ್ಪಿದವರಿಗೆ ಅದರಲ್ಲೇ 1,850 ಮುರಿದುಕೊಳ್ಳಲು ಏನು ಕಷ್ಟ? ಈ ಪ್ರಶ್ನೆಗೆ ಮೋಸಗಾರರ ಹತ್ತಿರ ಉತ್ತರ ಇರುವುದಿಲ್ಲ. "ರೂಲ್ಸ್" ಅನ್ನುತ್ತಾರೆ, "ಸರ್ವರ್" ಅನ್ನುತ್ತಾರೆ, ಕೊನೆಗೆ ರೇಗುತ್ತಾರೆ. ಸಾಲ ಪಡೆಯುವವರು ಮೊದಲು ಹಣ ಕಟ್ಟಲೇಬೇಕು ಅನ್ನುವ ನಿಯಮವನ್ನು ಆರ್‌ಬಿಐ ಮಾಡಿಲ್ಲ. ಯಾರೋ ಒಬ್ಬರ ಸಾಲಕ್ಕೆ ಆರ್‌ಬಿಐ ಎನ್‌ಒಸಿ ಕೊಡುವುದೂ ಇಲ್ಲ.

ಇನ್ನೊಂದು ಗುರುತು ನಂಬರು. ಬ್ಯಾಂಕುಗಳು ಗ್ರಾಹಕರಿಗೆ ವ್ಯವಹಾರದ ಕರೆ ಮಾಡಲು 1600ರಿಂದ ಶುರುವಾಗುವ ನಂಬರು, ಪ್ರಚಾರದ ಕರೆಗೆ 140ರಿಂದ ಶುರುವಾಗುವ ನಂಬರು ಬಳಸಬೇಕು ಅಂತ ಆರ್‌ಬಿಐ 2025ರ ಜನವರಿಯಲ್ಲಿ ಸೂಚಿಸಿದೆ. ಮಾಮೂಲಿ ಹತ್ತಂಕಿಯ ಮೊಬೈಲಿನಿಂದ, ವಾಟ್ಸಾಪ್ ಡಿಪಿಯಲ್ಲಿ ಬ್ಯಾಂಕಿನ ಲೋಗೋ ಇಟ್ಟುಕೊಂಡು "ಹೆಡ್ ಆಫೀಸು" ಅಂದರೆ ನಂಬಬೇಡಿ. ಟ್ರೂಕಾಲರಿನಲ್ಲಿ ಬ್ಯಾಂಕಿನ ಹೆಸರು ಬಂದರೂ ಅಷ್ಟೇ. ಆ ಹೆಸರನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು.

ವಾಟ್ಸಾಪಿಗೆ ಲೆಟರ್ ಬಂದಿದೆ. ಸರ್ಕಾರದ ಮುದ್ರೆ, ಪ್ರಧಾನಿ ಫೋಟೋ ಎಲ್ಲ ಇದೆ. ಅದೂ ಸುಳ್ಳಾ?

ಮುದ್ರೆಯನ್ನೂ ಫೋಟೋವನ್ನೂ ಬಿಟ್ಟು ಉಳಿದದ್ದನ್ನು ಓದಿ. ಜಾಸ್ತಿ ಓಡಾಡುವ ಲೆಟರ್ ಹೀಗಿರುತ್ತದೆ. ಮೇಲೆ "ಪ್ರಧಾನ ಮಂತ್ರಿ ಮುದ್ರಾ ಯೋಜನೆ". ಎಡಕ್ಕೆ ಮೂರು ಸಿಂಹದ ಲಾಂಛನ. ಬಲಕ್ಕೆ ನೀವೇ ಕಳಿಸಿದ ಪಾಸ್‌ಪೋರ್ಟ್ ಫೋಟೋ. ಕೆಳಗೆ ನಿಮ್ಮ ಹೆಸರು, ಆಧಾರ್ ನಂಬರು, ಸಾಲದ ಮೊತ್ತ, ಬಡ್ಡಿ 2 ಪರ್ಸೆಂಟು. ನೇರಳೆ ಬಣ್ಣದ ಎರಡು ಮೂರು ಸೀಲುಗಳು. ಒಂದರಲ್ಲಿ "ಅಪ್ರೂವ್ಡ್", ಇನ್ನೊಂದರಲ್ಲಿ ರಿಸರ್ವ್ ಬ್ಯಾಂಕಿನ ಹೆಸರು. ಕನ್ನಡ ಇದ್ದರೆ ಗೂಗಲ್ ಟ್ರಾನ್ಸ್‌ಲೇಟಿನಿಂದ ಎತ್ತಿ ಹಾಕಿದ ಕನ್ನಡ. ಕೊನೆಯಲ್ಲಿ ದುಡ್ಡು ಹಾಕಬೇಕಾದ ಖಾತೆ ನಂಬರು, ಅಲ್ಲಿ ಒಬ್ಬ ವ್ಯಕ್ತಿಯ ಹೆಸರು. ಸಂಪರ್ಕಕ್ಕೆ ಜಿಮೇಲ್ ವಿಳಾಸ.

ಇದರಲ್ಲಿ ಏನು ಇಲ್ಲ ಅಂತ ಗಮನಿಸಿ. ಯಾವ ಬ್ಯಾಂಕು, ಯಾವ ಶಾಖೆ ಅಂತ ಇಲ್ಲ. ನೀವು ಅರ್ಜಿ ಹಾಕಿದ ದಿನಾಂಕ ಇಲ್ಲ.

ಮುದ್ರಾ ಯೋಜನೆ ನಿಜ. 2015ರ ಏಪ್ರಿಲ್ 8ರಂದು ಶುರುವಾಯಿತು. ಶಿಶು ಸಾಲ 50,000 ರೂಪಾಯಿವರೆಗೆ, ಕಿಶೋರ 5 ಲಕ್ಷದವರೆಗೆ, ತರುಣ 10 ಲಕ್ಷದವರೆಗೆ. ತರುಣ ಸಾಲ ತೆಗೆದು ಸರಿಯಾಗಿ ತೀರಿಸಿದವರಿಗೆ ತರುಣ ಪ್ಲಸ್ ಅಂತ 20 ಲಕ್ಷದವರೆಗೂ ಇದೆ. ಆದರೆ ಮುದ್ರಾ ಸಂಸ್ಥೆ ಜನರಿಗೆ ನೇರವಾಗಿ ಸಾಲ ಕೊಡುವುದಿಲ್ಲ. ಬ್ಯಾಂಕು, ಫೈನಾನ್ಸ್ ಕಂಪನಿಗಳ ಮೂಲಕವೇ ಕೊಡುವುದು. ಅದೂ ಅಂಗಡಿ, ಟೈಲರಿಂಗ್, ಹೋಟೆಲ್, ಹೈನುಗಾರಿಕೆಯಂಥ ದುಡಿಮೆಗೆ. "ಮದುವೆಗೆ ಮುದ್ರಾ ಪರ್ಸನಲ್ ಲೋನ್" ಅನ್ನುವುದು ಇಲ್ಲವೇ ಇಲ್ಲ. ಶಿಶು ಸಾಲಕ್ಕೆ ಸಾಮಾನ್ಯವಾಗಿ ಬ್ಯಾಂಕುಗಳು ಪ್ರೊಸೆಸಿಂಗ್ ಫೀಸನ್ನೂ ಹಾಕುವುದಿಲ್ಲ.

ಆಧಾರ್ ಕಾರ್ಡ್ ಇದ್ದವರಿಗೆಲ್ಲ ಕೇಂದ್ರ ಸರ್ಕಾರ 4,78,000 ರೂಪಾಯಿ ಸಾಲ ಕೊಡುತ್ತದೆ ಅನ್ನುವ ಮೆಸೇಜೂ ಆಗಾಗ ತಿರುಗುತ್ತಿರುತ್ತದೆ. ಅದು ಸುಳ್ಳು ಅಂತ ಕೇಂದ್ರದ ಪಿಐಬಿ ಫ್ಯಾಕ್ಟ್ ಚೆಕ್ ವಿಭಾಗವೇ ಹೇಳಿದೆ.

ಹಾಗಾದರೆ ನಿಜವಾದ ಬ್ಯಾಂಕು ಮೊದಲೇ ದುಡ್ಡು ತಗೊಳ್ಳುವುದೇ ಇಲ್ವಾ?

ಕೆಲವು ಕಡೆ ತಗೊಳ್ಳುತ್ತಾರೆ. "ಮೊದಲು ದುಡ್ಡು ಕೇಳಿದರೆಲ್ಲ ಮೋಸ" ಅಂತ ಒಂದೇ ಮಾತಿನಲ್ಲಿ ಹೇಳಿ ಮುಗಿಸಿದರೆ, ನಾಳೆ ನಿಜವಾದ ಬ್ಯಾಂಕು ಕೇಳಿದಾಗ ನೀವು ಗಲಿಬಿಲಿಯಾಗುತ್ತೀರಿ.

ಮನೆ ಸಾಲಕ್ಕೆ ಕೆಲವು ಬ್ಯಾಂಕುಗಳು ಅರ್ಜಿ ಹಾಕುವಾಗಲೇ ಲಾಗಿನ್ ಫೀಸ್ ತಗೊಳ್ಳುತ್ತವೆ. ಆಸ್ತಿ ಅಡ ಇಡುವ ಸಾಲಕ್ಕೆ ಇಸಿ (ಋಣಭಾರ ಪತ್ರ) ತೆಗೆಸಬೇಕು, ವಕೀಲರ ಅಭಿಪ್ರಾಯ ಬೇಕು, ಜಾಗದ ಬೆಲೆ ಕಟ್ಟಿಸಬೇಕು. ಅದಕ್ಕೆಲ್ಲ ಖರ್ಚಿದೆ. ನಮ್ಮೂರಿನ ಸಹಕಾರ ಸಂಘದಲ್ಲಿ ಸಾಲ ಬೇಕಾದರೆ ಸದಸ್ಯರಾಗಬೇಕು, ಷೇರು ಹಣ ಕಟ್ಟಬೇಕು. ಇವೆಲ್ಲ ನ್ಯಾಯವಾದ ಖರ್ಚುಗಳೇ.

ವ್ಯತ್ಯಾಸ ಇರುವುದು ದುಡ್ಡು ಎಲ್ಲಿಗೆ ಹೋಗುತ್ತದೆ ಅನ್ನುವುದರಲ್ಲಿ. ನಿಜವಾದ ಫೀಸು ಸಂಸ್ಥೆಯ ಹೆಸರಿನ ಖಾತೆಗೆ ಹೋಗುತ್ತದೆ, ಅಲ್ಲೇ ರಸೀದಿ ಸಿಗುತ್ತದೆ. ಶಾಖೆಗೆ ಹೋಗಿ "ಇದು ನಿಮ್ಮ ಫೀಸಾ?" ಅಂತ ಕೇಳಿದರೆ ಹೌದು ಅನ್ನುತ್ತಾರೆ. ಸಾಲ ಗ್ಯಾರಂಟಿ ಅಂತ ಮಾತ್ರ ಯಾರೂ ಹೇಳುವುದಿಲ್ಲ. ಮೋಸದಲ್ಲಿ ಎಲ್ಲ ತಲೆಕೆಳಗು. ಸಾಲ ಗ್ಯಾರಂಟಿ, ರಸೀದಿ ಆಮೇಲೆ, ಖಾತೆ ಯಾರದೋ.

ಪ್ರತಿ ಸಾಲಕ್ಕೂ ಒಂದು ಕಾಗದ ಕೊಡಬೇಕು ಅನ್ನುವ ನಿಯಮವೂ ಇದೆ, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಅದರ ಹೆಸರು ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್, ಚಿಕ್ಕದಾಗಿ ಕೆಎಫ್‌ಎಸ್. ಬಡ್ಡಿ, ಎಲ್ಲ ಫೀಸು ಸೇರಿದ ವಾರ್ಷಿಕ ದರ, ಕಂತು ಎಲ್ಲ ಅದರಲ್ಲಿ ಇರಬೇಕು. 2024ರ ಅಕ್ಟೋಬರಿನಿಂದ ಸಾಮಾನ್ಯ ಜನರ ಸಾಲಗಳಿಗೂ ಸಣ್ಣ ಉದ್ಯಮದ ಸಾಲಗಳಿಗೂ ಇದು ಕಡ್ಡಾಯ. ಸಾಲ ತಗೊಳ್ಳುವವರಿಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕು ಅಂತಲೂ ಆರ್‌ಬಿಐ ಹೇಳಿದೆ. ಅಂದರೆ ಕನ್ನಡದಲ್ಲಿ ಕೇಳುವುದು ನಿಮ್ಮ ಹಕ್ಕು. ಅದರಲ್ಲಿ ಬರೆಯದ ಫೀಸನ್ನು ನಿಮ್ಮ ಒಪ್ಪಿಗೆ ಇಲ್ಲದೆ ಆಮೇಲೆ ಸೇರಿಸುವ ಹಾಗಿಲ್ಲ. ಫೋನಿನಲ್ಲಿ ಸಾಲ ಕೊಡುತ್ತೇವೆ ಅನ್ನುವವರಿಗೆ "ಕೆಎಫ್‌ಎಸ್ ಕನ್ನಡದಲ್ಲಿ ಕಳಿಸಿ" ಅನ್ನಿ. ಎಷ್ಟೋ ಜನ ಅಲ್ಲೇ ಫೋನ್ ಇಟ್ಟುಬಿಡುತ್ತಾರೆ.

ಕಟ್ಟುವ ಮುಂಚೆ ನೋಡಬೇಕಾದ್ದು ಒಂದೇ ಒಂದು ಹೇಳಿ ಅಂದರೆ?

ಪಿನ್ ಒತ್ತುವ ಮುಂಚೆ ಪರದೆಯ ಮೇಲೆ ಬರುವ ಹೆಸರು ನೋಡಿ.

ಫೋನ್‌ಪೇ, ಗೂಗಲ್ ಪೇ, ಯಾವುದೇ ಇರಲಿ, ನಂಬರು ಹಾಕಿದ ಮೇಲೆ ಹಣ ಯಾರಿಗೆ ಹೋಗುತ್ತದೆ ಅನ್ನುವ ಹೆಸರು ಬರುತ್ತದೆ. ಬ್ಯಾಂಕಿನ ದಾಖಲೆಯಲ್ಲಿ ಇರುವ ಹೆಸರನ್ನೇ ತೋರಿಸಬೇಕು ಅಂತ 2025ರ ಜೂನ್ ಕೊನೆಯಿಂದ ನಿಯಮ ಆಗಿದೆ. ಹಾಗಾಗಿ ಆ ಹೆಸರು ಈಗ ಮೊದಲಿಗಿಂತ ನಂಬಬಹುದಾದದ್ದು. ನೆಫ್ಟ್, ಆರ್‌ಟಿಜಿಎಸ್‌ನಲ್ಲೂ ಕಳಿಸುವ ಮುಂಚೆ ಹೆಸರು ನೋಡುವ ಸೌಲಭ್ಯ ಬಂದಿದೆ. ಫೋನಿನಲ್ಲಿ ಬ್ಯಾಂಕಿನ ಹೆಸರು ಹೇಳಿ, ಪರದೆಯಲ್ಲಿ ಯಾರೋ ಒಬ್ಬರ ಹೆಸರೋ, ಯಾವುದೋ ಟ್ರೇಡರ್ಸ್, ಎಂಟರ್‌ಪ್ರೈಸಸ್ ಅಂತಲೋ ಬಂದರೆ ಅಲ್ಲಿಗೆ ನಿಲ್ಲಿಸಿ. "ಅದು ನಮ್ಮ ಕ್ಯಾಷಿಯರ್ ಹೆಸರು", "ಅಕೌಂಟ್ಸ್ ಮ್ಯಾನೇಜರ್ ಖಾತೆ" ಅಂತ ಹೇಳಿದರೆ ಇನ್ನೂ ಬೇಗ ನಿಲ್ಲಿಸಿ. ಯಾವ ಬ್ಯಾಂಕೂ ತನ್ನ ಫೀಸನ್ನು ಕ್ಯಾಷಿಯರ್ ಸ್ವಂತ ಖಾತೆಗೆ ಹಾಕಿಸಿಕೊಳ್ಳುವುದಿಲ್ಲ.

ಕ್ಯೂಆರ್ ಕಳಿಸಿ "ಸ್ಕ್ಯಾನ್ ಮಾಡಿ, ಸಾಲದ ಹಣ ಬರುತ್ತೆ" ಅಂದರೂ ಬೇಡ. ಹಣ ಬರಲು ಪಿನ್ ಬೇಕಾಗುವುದಿಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆ.

ಸಿಬಿಲ್ ಕಮ್ಮಿ ಇದ್ದರೂ ಕೊಡುತ್ತೇವೆ ಅಂತಾರಲ್ಲ?

ಅದೇ ಅವರ ಗಾಳ. ಸಿಬಿಲ್ ಸ್ಕೋರು ಅಂದರೆ ಹಿಂದಿನ ಸಾಲ ಹೇಗೆ ತೀರಿಸಿದ್ದೀರಿ ಅಂತ ನೋಡಿ ಕೊಡುವ ಅಂಕ, ಅದು 300ರಿಂದ 900ರವರೆಗೆ ಇರುತ್ತದೆ. ಬ್ಯಾಂಕಿನಲ್ಲಿ ಇಲ್ಲ ಅನ್ನಿಸಿಕೊಂಡು ಬಂದವರಿಗೆ "ಸಿಬಿಲ್ ಬೇಡ, ಜಾಮೀನು ಬೇಡ, ಆಧಾರ್ ಸಾಕು" ಅನ್ನುವ ಮಾತು ಹಿತವಾಗಿ ಕೇಳುತ್ತದೆ. ಏನನ್ನೂ ವಿಚಾರಿಸದೆ ಲಕ್ಷಗಟ್ಟಲೆ ಕೊಡುವವರು ಯಾರೂ ಇಲ್ಲ. ದುಡ್ಡು ಕೊಟ್ಟರೆ ಸ್ಕೋರ್ ಏರಿಸುತ್ತೇವೆ ಅನ್ನುವವರನ್ನೂ ದೂರ ಇಡಿ. ದಾಖಲೆ ತಪ್ಪಿದ್ದರೆ ಸಿಬಿಲ್ ಸಂಸ್ಥೆಗೆ ನೀವೇ ದೂರು ಕೊಟ್ಟು ಸರಿ ಮಾಡಿಸಬಹುದು. ಅದಕ್ಕೆ ಫೀಸ್ ಇಲ್ಲ. ವರ್ಷಕ್ಕೊಮ್ಮೆ ಪೂರ್ತಿ ವರದಿಯೂ ಪುಕ್ಕಟೆ ಸಿಗುತ್ತದೆ.

ಆರ್‌ಬಿಐ ನೋಂದಣಿ ನಂಬರ್ ಕೊಟ್ಟಿದ್ದಾರೆ. ನಿಜವೋ ಅಲ್ಲವೋ ಹೇಗೆ ತಿಳಿಯುವುದು?

ಆರ್‌ಬಿಐ ವೆಬ್‌ಸೈಟಿನಲ್ಲಿ ನೋಂದಾಯಿತ ಫೈನಾನ್ಸ್ ಕಂಪನಿಗಳ ಪಟ್ಟಿ ಇದೆ. ಬ್ಯಾಂಕು, ಫೈನಾನ್ಸ್ ಕಂಪನಿಗಳ ಪರವಾಗಿ ಕೆಲಸ ಮಾಡುವ ಸಾಲದ ಆ್ಯಪ್‌ಗಳ ಪಟ್ಟಿಯನ್ನೂ 2025ರ ಜುಲೈನಿಂದ ಅಲ್ಲೇ ಹಾಕಿದ್ದಾರೆ. ಆದರೆ ಒಂದು ಎಚ್ಚರ. ಮೋಸಗಾರರು ನಿಜವಾದ ಕಂಪನಿಯ ಹೆಸರನ್ನೇ ಕದ್ದು ಹೇಳುತ್ತಾರೆ. ಪಟ್ಟಿಯಲ್ಲಿ ಹೆಸರು ಸಿಕ್ಕಿತು ಅಂದಮಾತ್ರಕ್ಕೆ ಫೋನ್ ಮಾಡಿದವನು ಆ ಕಂಪನಿಯವನು ಅಂತ ಆಗುವುದಿಲ್ಲ. ಕಂಪನಿಯ ಸ್ವಂತ ವೆಬ್‌ಸೈಟಿನಲ್ಲಿ ಇರುವ ನಂಬರಿಗೆ ನೀವೇ ಫೋನ್ ಮಾಡಿ ಕೇಳಬೇಕು. ಗೂಗಲಿನಲ್ಲಿ ಹುಡುಕಿದಾಗ ಮೊದಲು ಬರುವ ಕಸ್ಟಮರ್ ಕೇರ್ ನಂಬರೂ ನಕಲಿ ಇರಬಹುದು. ಬ್ಯಾಂಕುಗಳ ವೆಬ್ ವಿಳಾಸ ಈಗ "ಡಾಟ್ ಬ್ಯಾಂಕ್ ಡಾಟ್ ಇನ್" ಅಂತ ಕೊನೆಯಾಗುತ್ತದೆ, ಅದನ್ನು ನೋಡಿಕೊಳ್ಳಿ.

ಎಲ್ಲಕ್ಕಿಂತ ಸುಲಭದ ದಾರಿ, ಶಾಖೆಗೆ ಹೋಗಿ ಕೇಳುವುದು. ಅರ್ಧ ದಿನದ ಕೆಲಸ ಕೆಡಬಹುದು, ಆದರೆ ಇಷ್ಟು ಖಚಿತವಾದ ಉತ್ತರ ಬೇರೆಲ್ಲೂ ಸಿಗುವುದಿಲ್ಲ.

ಇದು ಫೋನ್ ವಿಷಯ ಅಲ್ಲ. ನಮ್ಮೂರಿಗೇ ಒಬ್ಬರು ಬಂದು ಸಂಘದ ಹೆಂಗಸರ ಹತ್ತಿರ ತಲಾ 1,500 ಎತ್ತುತ್ತಿದ್ದಾರೆ.

ಇದನ್ನು ತಡಮಾಡದೆ ನಿಲ್ಲಿಸಬೇಕು. ಈ ಬಗೆಯ ಮೋಸ ಹಳ್ಳಿಗಳಲ್ಲಿ ತುಂಬಾ ನೋವು ಕೊಡುತ್ತದೆ, ಯಾಕೆಂದರೆ ಒಬ್ಬರ ಮಾತು ನಂಬಿ ಇನ್ನೊಬ್ಬರು ಕಟ್ಟಿರುತ್ತಾರೆ. ಆಮೇಲೆ ಊರಿನಲ್ಲಿ ಮುಖ ನೋಡುವುದು ಕಷ್ಟವಾಗುತ್ತದೆ.

ನಡೆಯುವುದು ಹೀಗೆ. ಟ್ರಸ್ಟ್, ಫೌಂಡೇಶನ್ ಅಂತ ಹೆಸರು ಹೇಳಿಕೊಂಡು ಬರುತ್ತಾರೆ. ಹತ್ತು ಜನರ ಗುಂಪು ಮಾಡಿ, ಒಬ್ಬೊಬ್ಬರಿಗೂ 1 ಲಕ್ಷ, ಅರ್ಧ ಸಬ್ಸಿಡಿ ಅನ್ನುತ್ತಾರೆ. ಊರಿನವರೇ ಒಬ್ಬ ಅಕ್ಕನನ್ನು ಲೀಡರ್ ಮಾಡುತ್ತಾರೆ. ದುಡ್ಡು ಎತ್ತುವುದು ಆ ಅಕ್ಕ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಸದಸ್ಯತ್ವದ ಫೀಸು, ಫಾರಂ ಖರ್ಚು, ಸ್ಟಾಂಪ್ ಪೇಪರ್ ಅಂತ ಎತ್ತಿ, ಕೈಬರಹದ ಚೀಟಿ ಕೊಟ್ಟು ಹೋಗುತ್ತಾರೆ. ಆಮೇಲೆ ನಂಬರ್ ಸ್ವಿಚ್ ಆಫ್.

ಮೊದಲು ಗ್ರಾಮ ಪಂಚಾಯಿತಿಯಲ್ಲಿ ಪಿಡಿಒ ಅವರನ್ನು ಕೇಳಿ. ಸಂಜೀವಿನಿ ಒಕ್ಕೂಟದವರಿಗೂ ವಿಷಯ ತಿಳಿಸಿ. ಬಂದವರ ಗುರುತಿನ ಚೀಟಿ, ಗಾಡಿ ನಂಬರಿನ ಫೋಟೋ ತೆಗೆದಿಡಿ. ಯಾವ ಬ್ಯಾಂಕ್ ಸಾಲ ಕೊಡುವುದು, ಯಾವ ಶಾಖೆ ಅಂತ ಕೇಳಿ. ಉತ್ತರ ತಡವರಿಸಿದರೆ 112ಕ್ಕೆ ಫೋನ್ ಮಾಡಿ. ಲೀಡರ್ ಆದ ಅಕ್ಕನ ಮೇಲೆ ಊರೆಲ್ಲ ಎಗರಬೇಡಿ. ಬಹುತೇಕ ಸಲ ಅವರೂ ಕಟ್ಟಿ ಕಳಕೊಂಡವರೇ. ದೂರು ಕೊಡುವಾಗ ಅವರ ಮಾತೇ ಮುಖ್ಯ ಸಾಕ್ಷಿ ಆಗುತ್ತದೆ.

ನಿಗಮದ ಸಾಲ ಮಾಡಿಸಿಕೊಡುತ್ತೇನೆ, ಖರ್ಚಿಗೆ 10,000 ಕೊಡಿ ಅಂತ ಬ್ರೋಕರ್ ಕೇಳುತ್ತಿದ್ದಾರೆ.

ಕೊಡಬೇಡಿ. ದೇವರಾಜ ಅರಸು, ಅಂಬೇಡ್ಕರ್, ವಾಲ್ಮೀಕಿ ಮುಂತಾದ ಅಭಿವೃದ್ಧಿ ನಿಗಮಗಳು ಅರ್ಜಿ ಕರೆದಾಗ ಸೇವಾ ಸಿಂಧು ಮೂಲಕ, ಗ್ರಾಮ ಒನ್ ಅಥವಾ ಕರ್ನಾಟಕ ಒನ್ ಕೇಂದ್ರದಲ್ಲಿ ಹಾಕಬಹುದು. ಅಲ್ಲಿ ಸಣ್ಣ ಸೇವಾ ಶುಲ್ಕ ಇರುತ್ತದೆ, ರಸೀದಿ ಕೊಡುತ್ತಾರೆ. ಅಷ್ಟೇ ಖರ್ಚು. ಬ್ರೋಕರಿಗೆ ಆಯ್ಕೆ ಮಾಡುವ ಅಧಿಕಾರ ಇಲ್ಲ. ಹತ್ತು ಜನರಿಂದ ದುಡ್ಡು ತಗೊಂಡು, ಅದರಲ್ಲಿ ತಾನಾಗಿ ಆಯ್ಕೆಯಾದ ಒಬ್ಬರನ್ನು ತೋರಿಸಿ "ನಾನೇ ಮಾಡಿಸಿದ್ದು" ಅನ್ನುತ್ತಾರೆ.

ಈಗಾಗಲೇ ಕಟ್ಟಿಬಿಟ್ಟಿದ್ದೇನೆ. ಮೊದಲು ಏನು ಮಾಡಲಿ?

ಇನ್ನೊಂದು ರೂಪಾಯಿ ಕಳಿಸಬೇಡಿ. ಅವರ ಜೊತೆ ಜಗಳಕ್ಕೂ ಹೋಗಬೇಡಿ.

ತಕ್ಷಣ 1930ಕ್ಕೆ ಫೋನ್ ಮಾಡಿ. ಕಟ್ಟಿ ಅರ್ಧ ಗಂಟೆ ಆಗಿದ್ದರೆ ತುಂಬಾ ಒಳ್ಳೆಯದು, ಎರಡು ದಿನ ಆಗಿದ್ದರೂ ಮಾಡಿ. ನೀವು ಕಳಿಸಿದ ಹಣ ಯಾವ ಖಾತೆಗೆ ಹೋಯಿತು, ಅಲ್ಲಿಂದ ಎಲ್ಲಿಗೆ ಹೋಯಿತು ಅಂತ ಬ್ಯಾಂಕುಗಳಿಗೆ ಸುದ್ದಿ ಮುಟ್ಟಿಸಿ, ಸಿಕ್ಕಷ್ಟನ್ನು ತಡೆಹಿಡಿಯುವ ವ್ಯವಸ್ಥೆ ಅದು. ಹಣ ಒಂದು ಖಾತೆಯಲ್ಲಿ ನಿಲ್ಲುವುದಿಲ್ಲ. ಬೇಗ ಬೇಗ ಬೇರೆ ಖಾತೆಗಳಿಗೆ ಹಂಚಿ, ಎಟಿಎಂನಿಂದ ತೆಗೆದುಬಿಡುತ್ತಾರೆ. ಅದಕ್ಕೇ ಇಷ್ಟು ಆತುರ ಪಡಿಸುತ್ತಿರುವುದು.

ಫೋನ್ ಮಾಡುವಾಗ ಹತ್ತಿರ ಇರಬೇಕಾದ್ದು: ನಿಮ್ಮ ಖಾತೆ ನಂಬರು, ಎಷ್ಟು ಹಣ, ಯಾವತ್ತು ಎಷ್ಟು ಹೊತ್ತಿಗೆ, ಮತ್ತು ಯುಟಿಆರ್ ನಂಬರು (ಆ ಪಾವತಿಯ ಗುರುತಿನ ಸಂಖ್ಯೆ). ಯುಪಿಐ ಆ್ಯಪಿನ ಹಿಸ್ಟರಿಯಲ್ಲಿ ಆ ಪಾವತಿಯನ್ನು ಒತ್ತಿದರೆ 12 ಅಂಕಿಯ ಯುಟಿಆರ್ ಕಾಣುತ್ತದೆ. ಅದನ್ನು ಚೀಟಿಯಲ್ಲಿ ಬರೆದುಕೊಳ್ಳಿ. ದೂರು ದಾಖಲಾದ ಮೇಲೆ ಎಸ್‌ಎಂಎಸ್‌ನಲ್ಲಿ ಒಂದು ನಂಬರ್ ಬರುತ್ತದೆ. ಅದನ್ನು ಇಟ್ಟುಕೊಂಡು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ಪೂರ್ತಿ ದೂರು ತುಂಬಬೇಕು. 1930 ಲೈನ್ ಸಿಗದಿದ್ದರೆ ಕಾಯಬೇಡಿ, ನೇರವಾಗಿ ಪೋರ್ಟಲಿನಲ್ಲೇ ತುಂಬಿ. ನಿಮ್ಮ ಬ್ಯಾಂಕಿಗೂ ಅದೇ ದಿನ ತಿಳಿಸಿ.

ವಾಟ್ಸಾಪ್ ಮಾತುಕತೆ, ಲೆಟರ್, ಕ್ಯೂಆರ್, ಕರೆ ಬಂದ ನಂಬರು ಯಾವುದನ್ನೂ ಡಿಲೀಟ್ ಮಾಡಬೇಡಿ. ಬೇಜಾರಿಗೆ ಎಲ್ಲ ಅಳಿಸಿಹಾಕುವವರು ಬಹಳ ಜನ. ಸ್ಕ್ರೀನ್‌ಶಾಟ್ ತೆಗೆದು ಇನ್ನೊಂದು ಫೋನಿಗೆ ಕಳಿಸಿಡಿ. ಎನಿಡೆಸ್ಕ್ ತರಹದ ಆ್ಯಪ್ ಅಥವಾ ಎಪಿಕೆ ಫೈಲ್ ಹಾಕಿಸಿದ್ದರೆ ಮೊದಲು ನೆಟ್ ಆಫ್ ಮಾಡಿ, ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ ಖಾತೆಯ ಆನ್‌ಲೈನ್ ವ್ಯವಹಾರ ನಿಲ್ಲಿಸಿ.

ಪೊಲೀಸ್ ಠಾಣೆಗೂ ಹೋಗಬೇಕಾ? "ನಮ್ಮ ವ್ಯಾಪ್ತಿ ಅಲ್ಲ" ಅಂದರೆ?

ಹೋಗಿ. ಜಿಲ್ಲೆಗಳಲ್ಲಿ ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳಿಗೆ ಅಂತ ಸೆನ್ ಪೊಲೀಸ್ ಠಾಣೆ ಇದೆ, ಮಂಡ್ಯದಲ್ಲೂ ಮೈಸೂರಿನಲ್ಲೂ. ಮೈಸೂರು ನಗರದವರು ಕಮಿಷನರ್ ವ್ಯಾಪ್ತಿಗೆ ಬರುತ್ತಾರೆ. ನಂಜನಗೂಡು, ಹುಣಸೂರು, ತಿ. ನರಸೀಪುರದವರು ಜಿಲ್ಲಾ ಎಸ್‌ಪಿ ವ್ಯಾಪ್ತಿಗೆ. ಗೊತ್ತಾಗದಿದ್ದರೆ ಹತ್ತಿರದ ಠಾಣೆಗೇ ಹೋಗಿ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲಿ, ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ದಾಖಲಿಸಬಹುದು. ಅದನ್ನೇ ಜೀರೋ ಎಫ್‌ಐಆರ್ ಅನ್ನುವುದು. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು. ಕಾನೂನಿನ ಸಹಾಯ ಬೇಕಾದರೆ ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ಕಟ್ಟಿದ ಹಣ ವಾಪಸ್ ಬರುತ್ತಾ?

ಸುಳ್ಳು ಭರವಸೆ ಕೊಡಲು ಮನಸ್ಸಿಲ್ಲ. ತಡೆಹಿಡಿದ ಹಣ ಇದ್ದರೆ, ನ್ಯಾಯಾಲಯದ ಆದೇಶದ ಮೂಲಕ ನಿಮಗೆ ಬರುವ ದಾರಿ ಇದೆ. ಅದಕ್ಕೆ ಸಮಯ ಹಿಡಿಯುತ್ತದೆ. ಹಣ ಆಗಲೇ ಹೊರಗೆ ಹೋಗಿದ್ದರೆ ಬರುವುದು ಕಷ್ಟ. ನೀವೇ ಪಿನ್ ಒತ್ತಿ ಕಳಿಸಿದ್ದರಿಂದ ಬ್ಯಾಂಕು ತನ್ನ ಕೈಯಿಂದ ತುಂಬಿಕೊಡುವುದೂ ಅಪರೂಪ. ಆದರೂ ದೂರು ಕೊಡಿ. ನಿಮ್ಮ ದೂರಿನಿಂದ ಆ ಖಾತೆ ಬಂದ್ ಆದರೆ ಇನ್ನೊಬ್ಬರ ಹಣ ಉಳಿಯುತ್ತದೆ.

"ದುಡ್ಡು ವಾಪಸ್ ಕೊಡಿಸುತ್ತೇನೆ" ಅಂತ ಇನ್ನೊಬ್ಬರು ಫೋನ್ ಮಾಡಿದ್ದಾರೆ. ಸೈಬರ್ ಪೊಲೀಸ್ ಅಂತೆ.

ಅದು ಎರಡನೇ ಮೋಸ. ಒಮ್ಮೆ ಕಳಕೊಂಡವರ ಪಟ್ಟಿ ಇಟ್ಟುಕೊಂಡೇ ಫೋನ್ ಮಾಡುತ್ತಾರೆ. ನಿಮ್ಮ ಹೆಸರು, ಕಳಕೊಂಡ ಮೊತ್ತ ಸರಿಯಾಗಿ ಹೇಳುತ್ತಾರೆ. ಅದನ್ನು ಕೇಳಿ ನಂಬಿಕೆ ಬಂದುಬಿಡುತ್ತದೆ. ಪೊಲೀಸರು, ಕೋರ್ಟು, ಆರ್‌ಬಿಐ ಯಾರೂ ಹಣ ವಾಪಸ್ ಕೊಡಿಸಲು ಫೋನಿನಲ್ಲಿ ಫೀಸ್ ಕೇಳುವುದಿಲ್ಲ.

ಸಾಲ ಬೇಡ ಅಂದರೆ ಕೇಸ್ ಹಾಕುತ್ತೇವೆ, ಮನೆ ಮುಂದೆ ನೋಟಿಸ್ ಅಂಟಿಸುತ್ತೇವೆ ಅಂತ ಹೆದರಿಸುತ್ತಿದ್ದಾರೆ.

ನಿಮ್ಮ ಕೈಗೆ ಸಾಲವೇ ಬಂದಿಲ್ಲ. ಬಾರದ ಸಾಲಕ್ಕೆ ನೀವು ಬಾಕಿದಾರರಾಗುವುದಿಲ್ಲ. "ಲೋನ್ ಕ್ಯಾನ್ಸಲೇಶನ್ ಚಾರ್ಜ್" ಅನ್ನುವುದೂ ಅದೇ ಮೋಸದ ಇನ್ನೊಂದು ಕಂತು. ನಂಬರ್ ಬ್ಲಾಕ್ ಮಾಡಿ, ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಆ್ಯಪಿನ ಚಕ್ಷು ವಿಭಾಗದಲ್ಲಿ ಆ ನಂಬರಿನ ಮೇಲೆ ದೂರು ಹಾಕಿ. ನಿಜವಾದ ಸಾಲ ಇದ್ದು ವಸೂಲಿಗೆ ಬಂದವರು ಕಿರುಕುಳ ಕೊಡುತ್ತಿದ್ದರೆ ಅದು ಬೇರೆ ವಿಷಯ. ಅದನ್ನು ತಡೆಯಲು ಕರ್ನಾಟಕ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆಯನ್ನೇ ತಂದಿತು. ಅಂಥ ಕಿರುಕುಳಕ್ಕೂ ಪೊಲೀಸರಿಗೆ ದೂರು ಕೊಡಬಹುದು.

ಆಧಾರ್, ಪಾನ್, ಪಾಸ್‌ಬುಕ್ ಫೋಟೋ ಎಲ್ಲ ಕಳಿಸಿಬಿಟ್ಟಿದ್ದೇನೆ.

ಗಾಬರಿ ಬೇಡ, ಆದರೆ ಬಿಡಬೇಡಿ. ಸರ್ಕಾರದ ಆಧಾರ್ ಆ್ಯಪಿನಲ್ಲಿ ಬೆರಳಚ್ಚು ಲಾಕ್ ಮಾಡಿ. ಅದಾಗದಿದ್ದರೆ 1947ಕ್ಕೆ ಫೋನ್ ಮಾಡಿ ಕೇಳಿ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತ ಸಂಚಾರ್ ಸಾಥಿಯಲ್ಲಿ ನೋಡಬಹುದು. ನಿಮ್ಮದಲ್ಲದ ನಂಬರಿದ್ದರೆ ಅಲ್ಲೇ ಹೇಳಬಹುದು. ಕೆಲವು ತಿಂಗಳು ಬಿಟ್ಟು ಸಿಬಿಲ್ ವರದಿ ತೆಗೆದು, ನಿಮಗೆ ಗೊತ್ತಿಲ್ಲದ ಸಾಲ ನಿಮ್ಮ ಹೆಸರಿನಲ್ಲಿ ಬಂದಿದೆಯಾ ನೋಡಿ. ಖಾಲಿ ಚೆಕ್ ಸಹಿ ಮಾಡಿ ಕೊಟ್ಟಿದ್ದರೆ ಇವತ್ತೇ ಬ್ಯಾಂಕಿಗೆ ಹೋಗಿ ಸ್ಟಾಪ್ ಪೇಮೆಂಟ್ ಬರೆದುಕೊಡಿ.

ನನ್ನ ಖಾತೆಯನ್ನು ಬಳಸಲು ಕೊಟ್ಟರೆ ಫೀಸ್ ಬೇಡ, ಕಮಿಷನ್ನೂ ಕೊಡುತ್ತೇವೆ ಅಂತಾರೆ.

ಖಂಡಿತ ಬೇಡ. ಬೇರೆಯವರಿಂದ ದೋಚಿದ ಹಣ ನಿಮ್ಮ ಖಾತೆಗೆ ಬಂದು ಹೋಗುತ್ತದೆ. ಪೊಲೀಸರು ಮೊದಲು ಬರುವುದು ನಿಮ್ಮ ಮನೆಗೆ. ಕಾಲೇಜು ಹುಡುಗರಿಗೆ ಇದನ್ನು ಬಿಡಿಸಿ ಹೇಳಿ. ಸಿಮ್, ಎಟಿಎಂ ಕಾರ್ಡ್ ಕೊಟ್ಟು ಮೂರೋ ನಾಲ್ಕೋ ಸಾವಿರ ತಗೊಂಡು ಕೇಸಿಗೆ ಸಿಕ್ಕಿಕೊಳ್ಳುವವರು ಹೆಚ್ಚಾಗಿ ಅವರೇ.

ಅಪ್ಪ ಕಟ್ಟಲು ಹೊರಟಿದ್ದಾರೆ. ಎಷ್ಟು ಹೇಳಿದರೂ ಕೇಳುತ್ತಿಲ್ಲ.

ವಾದ ಮಾಡಿದಷ್ಟೂ ಹಟ ಜಾಸ್ತಿ ಆಗುತ್ತದೆ. "ಒಂದು ದಿನ ತಡೀರಪ್ಪ, ನಾನೂ ಬರ್ತೀನಿ, ಬ್ರಾಂಚಲ್ಲಿ ಕೇಳ್ಕೊಂಡು ಬರೋಣ" ಅನ್ನಿ. ಆ ಲೆಟರ್ ಪ್ರಿಂಟ್ ತೆಗೆದು ಅಪ್ಪನ ಕೈಲೇ ಮ್ಯಾನೇಜರಿಗೆ ಕೊಡಿಸಿ. ಮನೆ ಮಕ್ಕಳ ಮಾತಿಗಿಂತ ಬ್ಯಾಂಕಿನವರ ಮಾತಿಗೆ ಹಿರಿಯರು ಬೆಲೆ ಕೊಡುತ್ತಾರೆ. ಮೋಸಗಾರರು ಒಂದು ದಿನದ ಸಮಯವನ್ನೂ ಕೊಡುವುದಿಲ್ಲ. ಅವರ ಆತುರ ನೋಡಿಯೇ ಅಪ್ಪನಿಗೂ ಅನುಮಾನ ಬರಬಹುದು. ಹಾಗೆಯೇ ದುಡ್ಡು ಯಾತಕ್ಕೆ ಬೇಕಾಗಿತ್ತು ಅಂತ ಮೆಲ್ಲಗೆ ಕೇಳಿ. ಮನೆಯಲ್ಲಿ ಹೇಳಿಕೊಳ್ಳಲಾಗದ ಕೈಸಾಲ ಇರಬಹುದು.

ಸರಿ, ಹಾಗಾದರೆ ನಿಜವಾಗಿ ಸಾಲ ಎಲ್ಲಿ ಕೇಳಬೇಕು?

ರೈತರಾದರೆ ಮೊದಲು ನಿಮ್ಮ ಊರಿನ ಕೃಷಿ ಪತ್ತಿನ ಸಹಕಾರ ಸಂಘ. ಗಡುವಿನೊಳಗೆ ತೀರಿಸುವವರಿಗೆ 5 ಲಕ್ಷದವರೆಗೆ ಶೂನ್ಯ ಬಡ್ಡಿಯ ಬೆಳೆ ಸಾಲದ ಯೋಜನೆ ರಾಜ್ಯದಲ್ಲಿದೆ. ಕೈಗೆ ಎಷ್ಟು ಸಿಗುತ್ತದೆ ಅನ್ನುವುದು ಜಮೀನು, ಬೆಳೆ, ಸಂಘದ ಸ್ಥಿತಿಯ ಮೇಲೆ ಹೋಗುತ್ತದೆ. ಪಹಣಿ, ಆಧಾರ್, ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ) ಸರಿ ಇಟ್ಟುಕೊಳ್ಳಿ. ಪಹಣಿಯಲ್ಲಿ ಹೆಸರು, ಆಧಾರಿನಲ್ಲಿ ಹೆಸರು ಹೊಂದದೆ ಎಷ್ಟೋ ಅರ್ಜಿ ನಿಂತುಹೋಗುತ್ತವೆ. ಅದನ್ನು ಬಿಡುವಿದ್ದಾಗಲೇ ಸರಿ ಮಾಡಿಸಿದರೆ ಕಷ್ಟದ ಹೊತ್ತಿನಲ್ಲಿ ಅಲೆದಾಟ ತಪ್ಪುತ್ತದೆ.

ಹೆಣ್ಣುಮಕ್ಕಳಿಗೆ ಪಂಚಾಯಿತಿಯ ಸಂಜೀವಿನಿ ಸ್ವಸಹಾಯ ಸಂಘ. ಬಡಗಿ, ಕಮ್ಮಾರ, ಕುಂಬಾರ, ಟೈಲರ್ ಕೆಲಸ ಮಾಡುವವರಿಗೆ 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಇದೆ. ಮೊದಲು 1 ಲಕ್ಷ, ಅದನ್ನು ತೀರಿಸಿದರೆ 2 ಲಕ್ಷ, ಬಡ್ಡಿ 5 ಪರ್ಸೆಂಟು, ನೋಂದಣಿ ಪುಕ್ಕಟೆ. ತಳ್ಳುಗಾಡಿ, ಫುಟ್‌ಪಾತ್ ವ್ಯಾಪಾರದವರು ನಗರಸಭೆ ಅಥವಾ ಪುರಸಭೆಯಲ್ಲಿ ಸ್ವನಿಧಿ ಸಾಲ ಕೇಳಿ. ತುರ್ತಾಗಿ ಬೇಕು, ಮನೆಯಲ್ಲಿ ಸ್ವಲ್ಪ ಚಿನ್ನ ಇದೆ ಅಂದರೆ ಬ್ಯಾಂಕಿನ ಚಿನ್ನದ ಸಾಲ ಅದೇ ದಿನ ಸಿಗಬಹುದು. ಫೋನಿನಲ್ಲಿ ಬಂದ "ತಕ್ಷಣದ ಸಾಲ"ಕ್ಕಿಂತ ಅದು ಎಷ್ಟೋ ವಾಸಿ.

ಬ್ಯಾಂಕು ಅರ್ಜಿ ತಿರಸ್ಕರಿಸಿದರೆ ಸುಮ್ನೆ ವಾಪಸ್ ಬರಬೇಡಿ. ಕಾರಣವನ್ನು ಬರಹದಲ್ಲಿ ಕೇಳಿ. ಕೊಡದಿದ್ದರೆ ಜಿಲ್ಲೆಯ ಲೀಡ್ ಬ್ಯಾಂಕ್ ಮ್ಯಾನೇಜರಿಗೆ ಹೇಳಿ. ಸೇವೆಯಲ್ಲಿ ಲೋಪ ಇದ್ದು, ಬ್ಯಾಂಕಿಗೆ ಕೊಟ್ಟ ದೂರಿಗೆ 30 ದಿನದಲ್ಲಿ ಉತ್ತರ ಬರದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೂ ಫೀಸ್ ಇಲ್ಲ. ವಿಚಾರಿಸಲು ನಂಬರು 14448.